ಹದಿನಾರು ಸೆಕೆಂಡಿಗೆ ಇಷ್ಟೊಂದು ಸಂಭ್ರಮವೇ?

ಮಾನ್ಯ ಸಂಪಾದಕರೇ,

ಸಿಮ್ ಭುಲ್ಲರ್ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಪರ ಆಟದ ಅಂಕಣಕ್ಕೆ ಇಳಿದ ಬಗ್ಗೆ ತಮ್ಮ ಪತ್ರಿಕೆಯ ಇಂದಿನ (ಏಪ್ರಿಲ್ 9, 2015) ಕ್ರೀಡಾ ಪುಟದಲ್ಲಿ ಬಂದಿರುವ ವರದಿಯನ್ನು ಓದಿದೆ. ಮೂರು ಕಾಲಂ ಅಗಲದ ಚಿತ್ರ, ಅದರ ಮೇಲೆ ದಪ್ಪಕ್ಷರದಲ್ಲಿ ಇತಿಹಾಸದ ಮಾತು. ಅವರನ್ನು ಆಡಿಸಿದ್ದು ಎಷ್ಟು ಹೊತ್ತು ಎಂಬ ವಿವರ ಮಾತ್ರ ಕಟ್ಟಕಡೆಯ ಸಾಲಿನಲ್ಲಿ, ಕುಕ್ಕರ್ ಜಾಹೀರಾತಿಗೆ ತಾಗಿಕೊಂಡಿದೆ. ಹದಿನಾರು ಸೆಕೆಂಡು! ಷೂ ದಾರ ಬಿಗಿದುಕೊಳ್ಳುವುದಕ್ಕೂ ಸಾಲದ ಹೊತ್ತು ಅದು. ಭಾರತ ಮೂಲದ ಮೊದಲ ಆಟಗಾರ ಎನ್‌ಬಿಎ ಪಂದ್ಯವಾಡಿದ ಎಂದು ಎದೆಯುಬ್ಬಿಸಬೇಕೋ, ಅವನನ್ನು ಹೀಗೆ ನಡೆಸಿಕೊಂಡರಲ್ಲ ಎಂದು ಸಿಟ್ಟಾಗಬೇಕೋ ನೀವೇ ಹೇಳಿ. ನನಗಂತೂ ನಿನ್ನೆಯಿಂದ ಸಿಟ್ಟೇ ಇಳಿದಿಲ್ಲ.

ಆ ಹದಿನಾರು ಸೆಕೆಂಡೂ ನನಗೆ ದಕ್ಕಲಿಲ್ಲ. ಸ್ಯಾಕ್ರಮೆಂಟೊದಲ್ಲಿ ಮಂಗಳವಾರ ರಾತ್ರಿ ಏಳು ಎಂದರೆ ನಮಗೆ ಬುಧವಾರ ಬೆಳಿಗ್ಗೆ ಏಳೂವರೆ. ಕಚೇರಿಗೆ ತಡವಾಗಿ ಬರುತ್ತೇನೆಂದು ಹಿಂದಿನ ದಿನವೇ ಕೇಳಿಕೊಂಡು, ಮೇಲಧಿಕಾರಿ ಹುಬ್ಬು ಗಂಟಿಕ್ಕಿದ್ದನ್ನು ಕಂಡೂ ಕಾಣದವನಂತೆ ಮನೆಗೆ ಬಂದಿದ್ದೆ. ನಿನ್ನೆ ನಮ್ಮ ಬೀದಿಗೆ ನೀರು ಬಿಡುವ ದಿನ ಬೇರೆ. ಸಂಪು ತುಂಬಿದೊಡನೆ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸುವುದು ನನ್ನ ಕೆಲಸ. ಅದನ್ನು ಪತ್ನಿಗೆ ಒಪ್ಪಿಸಿ ಲ್ಯಾಪ್‌ಟಾಪ್ ಮುಂದೆ ಕುಳಿತೆ. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರು ಮುಗಿದರೂ ಭುಲ್ಲರ್ ಬೆಂಚಿನಿಂದ ಏಳಲಿಲ್ಲ. ನಾಲ್ಕನೆಯದರ ನಡುವೆ ಕರೆಂಟು ಹೋಯಿತು. ಮೊಬೈಲ್ ತೆಗೆದರೆ ಪರದೆಯ ಮೇಲೆ ಚಕ್ರ ಸುತ್ತುವುದು ಬಿಟ್ಟು ಬೇರೇನೂ ಇಲ್ಲ. ಚಿತ್ರ ಮರಳಿ ಬರುವಷ್ಟರಲ್ಲಿ ಆಟಗಾರರು ಕೈಕುಲುಕಿ ಒಳಗೆ ಹೋಗುತ್ತಿದ್ದರು. ಪಂದ್ಯವೂ ಹೋಯಿತು, ಮೋಟಾರು ನಿಂತು ಟ್ಯಾಂಕೂ ಅರ್ಧಕ್ಕೆ ಉಳಿಯಿತು. ಕಚೇರಿಗೆ ಹೋದರೆ ಹಾಜರಾತಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೆರೆ. ವಿದ್ಯುತ್ ಕಂಪನಿಯ ದೂರು ಸಂಖ್ಯೆಗೆ ಕರೆ ಮಾಡಿದರೆ ಎತ್ತುವವರಿಲ್ಲ. ಬೇಸಿಗೆ ಬಂದೊಡನೆ ಮುನ್ಸೂಚನೆ ಇಲ್ಲದೆ ಕರೆಂಟು ತೆಗೆಯುವ ಈ ಚಾಳಿಯ ಬಗ್ಗೆ ತಮ್ಮ ಓದುಗರ ಪತ್ರಗಳ ವಿಭಾಗದಲ್ಲಿ ಎಷ್ಟು ಜನ ಬರೆದಿದ್ದಾರೋ ಲೆಕ್ಕವಿಲ್ಲ. ಒಬ್ಬ ಅಧಿಕಾರಿಯಾದರೂ ಉತ್ತರ ಕೊಟ್ಟಿದ್ದಾರೆಯೇ?

ಇರಲಿ, ಭುಲ್ಲರ್ ವಿಷಯಕ್ಕೆ ಬರುತ್ತೇನೆ. ಕಿಂಗ್ಸ್ ತಂಡ ಏಪ್ರಿಲ್ 2ರಂದು ಅವರೊಡನೆ ಮಾಡಿಕೊಂಡದ್ದು ಹತ್ತು ದಿನಗಳ ಗುತ್ತಿಗೆ. ಬಾಸ್ಕೆಟ್‌ಬಾಲ್ ಬಲ್ಲವರಿಗೆ ಇದು ಹೊಸದಲ್ಲ. ಯಾವ ತಂಡಕ್ಕೂ ಸೇರದ ಆಟಗಾರರನ್ನು ಜನವರಿ 5ರ ನಂತರ ಹೀಗೆ ಕರೆಸಿಕೊಳ್ಳಬಹುದು. ಒಂದೇ ತಂಡ ಒಬ್ಬನಿಗೆ ಒಂದೇ ಋತುವಿನಲ್ಲಿ ಎರಡು ಸಲ ಮಾತ್ರ ಹೀಗೆ ಗುತ್ತಿಗೆ ಕೊಡಬಹುದು, ಆಮೇಲೆ ಬೇಕೆಂದರೆ ಋತು ಮುಗಿಯುವವರೆಗೂ ಇಟ್ಟುಕೊಳ್ಳಲೇಬೇಕು. ಸಂಭಾವನೆ ಹತ್ತು ದಿನಕ್ಕೆ ಸುಮಾರು ಮೂವತ್ತು ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ಹದಿನೆಂಟು ಲಕ್ಷ ರೂಪಾಯಿಗಿಂತ ಮೇಲೆ. ನಮಗೆ ದೊಡ್ಡ ಮೊತ್ತ, ಆ ತಂಡಗಳಿಗೆ ಚಿಲ್ಲರೆ. ಗುತ್ತಿಗೆಯ ಸುದ್ದಿ ಬಂದ ದಿನದಿಂದ ಸಂಜೆ ನಮ್ಮ ಬಡಾವಣೆಯ ಅಂಕಣದ ಬಳಿ ಸೇರುವವರಲ್ಲಿ ಎರಡು ಪಕ್ಷವಾಗಿದೆ.

ಒಂದು ಪಕ್ಷ ಹೇಳುವುದು, ಇದೆಲ್ಲ ಪ್ರಚಾರ. ತಂಡದ ಮಾಲೀಕ ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರು, 2013ರಲ್ಲಿ ಕಿಂಗ್ಸ್ ಕೊಂಡಂದಿನಿಂದ ಭಾರತದ ಮಾರುಕಟ್ಟೆಯ ಮೇಲೆ ಕಣ್ಣಿಟ್ಟವರು. 2006ರ ನಂತರ ಪ್ಲೇಆಫ್ ಮುಖ ಕಾಣದ ತಂಡಕ್ಕೆ ಋತುವಿನ ಕೊನೆಯ ವಾರಗಳಲ್ಲಿ ಸುದ್ದಿಯಾಗಲು ಏನಾದರೂ ಬೇಕಿತ್ತು, ಏಳಡಿ ಐದಂಗುಲದ ಪಂಜಾಬಿ ಹುಡುಗ ಸಿಕ್ಕಿದ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ನೂರ ಅರವತ್ತು ಕಿಲೋ ದಾಟಿದ ಮೈ ಹೊತ್ತು ಅಂಕಣದ ಈ ತುದಿಯಿಂದ ಆ ತುದಿಗೆ ಓಡಿ, ಎನ್‌ಬಿಎಯ ಚುರುಕು ಆಟಗಾರರು ಜೊತೆಗಾರನ ಮೈಯನ್ನೇ ಅಡ್ಡವಾಗಿಸಿಕೊಂಡು ನುಗ್ಗಿದಾಗ ತಡೆಯುವುದು ಸುಲಭವಲ್ಲ. ಎನ್‌ಬಿಎಯ ಕೆಳಹಂತದ ಲೀಗ್ ಆದ ಡಿ-ಲೀಗಿನ ರೆನೊ ತಂಡದಲ್ಲಿ ಅವರು ಆಡಿದ್ದು ವಿಚಿತ್ರ ಪದ್ಧತಿಯ ಆಟ. ಅಲ್ಲಿ ಇಡೀ ತಂಡವನ್ನೇ ಪದೇ ಪದೇ ಬದಲಾಯಿಸುತ್ತ, ಸಿಕ್ಕಲ್ಲಿಂದ ಚೆಂಡೆಸೆಯುತ್ತ ಎರಡೂ ಕಡೆ ಅಂಕಗಳ ಮಳೆ. ಆ ಅಂಕಿಗಳನ್ನು ಹಾಗೆಯೇ ನಂಬಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ.

ಇನ್ನೊಂದು ಪಕ್ಷದ ವಾದ ನನ್ನದು. ಟೊರಾಂಟೊದಲ್ಲಿ ಹುಟ್ಟಿ ಬೆಳೆದ ಈ ಹುಡುಗ ಕಳೆದ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಯಾರಿಗೂ ಬೇಡವಾದವನು. ಇದೇ ಕಿಂಗ್ಸ್ ಆಗಸ್ಟಿನಲ್ಲಿ ಸೇರಿಸಿಕೊಂಡು ಅಕ್ಟೋಬರಿನಲ್ಲಿ ಕೈಬಿಟ್ಟಿತು. ಮುನಿಸಿಕೊಂಡು ಮನೆಗೆ ಹೋಗದೆ ರೆನೊಗೆ ಹೋಗಿ ಬಸ್ಸಿನಲ್ಲಿ ಊರೂರು ತಿರುಗುತ್ತ ಆಡಿದ. ಒಂದೇ ಪಂದ್ಯದಲ್ಲಿ 26 ಅಂಕ, 17 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು), 11 ಬ್ಲಾಕ್! ಪದ್ಧತಿ ಎಂಥದ್ದೇ ಇರಲಿ, ಹನ್ನೊಂದು ಎಸೆತಗಳನ್ನು ಗಾಳಿಯಲ್ಲೇ ತಡೆಯುವವನ ಕೈಯಲ್ಲಿ ಏನೋ ಇದ್ದೇ ಇರುತ್ತದೆ. ಅವನಿಗೆ ಗುತ್ತಿಗೆ ಕೊಟ್ಟದ್ದು ತಪ್ಪಲ್ಲ. ಕೊಟ್ಟ ಮೇಲೆ ಆಡಿಸದೆ ಇದ್ದದ್ದು ತಪ್ಪು. ಸಹಿಯಾದ ಮೇಲಿನ ಮೊದಲ ಪಂದ್ಯಗಳಲ್ಲಿ ಬೆಂಚು ಬಿಟ್ಟು ಏಳಿಸಲಿಲ್ಲ. ಮಿನ್ನೆಸೋಟದ ವಿರುದ್ಧ ಫಲಿತಾಂಶ ಖಚಿತವಾದ ಮೇಲೆ, ಜನ ಅವನಿಗಾಗಿ ಹಾತೊರೆಯುತ್ತಿದ್ದಾರೆಂದು ಕೊನೆಗೆ ನೂಕಿದರು. ಮದುವೆಗೆ ಕರೆಸಿ, ಎಲೆ ಎತ್ತುವ ಹೊತ್ತಿಗೆ ಪಂಕ್ತಿಯಲ್ಲಿ ಕೂರಿಸಿದಂತಾಯಿತು.

ಎದುರಾಳಿಯಾದರೂ ಯಾರು? ಈ ಋತುವಿನಲ್ಲಿ ಎಲ್ಲರ ಕೈಯಲ್ಲೂ ಸೋತು ಪಶ್ಚಿಮ ವಿಭಾಗದ ಪಟ್ಟಿಯ ತಳ ಸೇರಿರುವ ಮಿನ್ನೆಸೋಟ ಟಿಂಬರ್‌ವೂಲ್ವ್ಸ್. ಎರಡೂ ತಂಡಗಳಿಗೆ ಮುಂದೆ ಹೋಗುವ ದಾರಿ ಎಂದೋ ಮುಚ್ಚಿದೆ. ಏಪ್ರಿಲ್ 15ಕ್ಕೆ ಲೀಗ್ ಹಂತ ಮುಗಿಯುತ್ತದೆ. ಕಳೆದುಕೊಳ್ಳಲು ಏನೂ ಇಲ್ಲದ ಪಂದ್ಯದಲ್ಲಿ ಒಬ್ಬ ಹೊಸಬನಿಗೆ ಹತ್ತು ನಿಮಿಷ ಕೊಡಲಾಗದೆ? ಈ ಪತ್ರ ಬರೆಯುವ ಹೊತ್ತಿಗೆ ಯೂಟಾ ತಂಡದ ವಿರುದ್ಧದ ಮುಂದಿನ ಪಂದ್ಯವೂ ಮುಗಿದಿದೆ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರು, ಹುಡುಗ ಬುಟ್ಟಿಗೆ ಚೆಂಡು ಹಾಕಿ ಎರಡು ಅಂಕ ಗಳಿಸಿದ್ದಾನೆ. ಅದು ನಿಜವಾದ ಸುದ್ದಿ. ನಾಳೆಯ ಪತ್ರಿಕೆಯಲ್ಲಿ ಅದು ಎಷ್ಟು ದೊಡ್ಡದಾಗಿ ಬರುತ್ತದೆಂದು ನೋಡುತ್ತೇನೆ.

ಕಿಂಗ್ಸ್ ಆಡಳಿತದವರ ಕಣ್ಣಿಗೆ ಪ್ರತಿಭೆ ಕಾಣಿಸದಿರುವುದು ಇದೇ ಮೊದಲಲ್ಲ. ಹಸನ್ ವೈಟ್‌ಸೈಡ್ ಎಂಬ ಎತ್ತರದ ಆಟಗಾರನನ್ನು 2010ರಲ್ಲಿ ಆರಿಸಿಕೊಂಡು, ಸರಿಯಾಗಿ ಆಡಿಸದೆ, 2012ರಲ್ಲಿ ಕಳುಹಿಸಿಬಿಟ್ಟರು. ಆತ ಲೆಬನಾನ್, ಚೀನಾ ಎಂದು ಅಲೆದು ಬಂದು ಈಗ ಮಯಾಮಿ ತಂಡದಲ್ಲಿದ್ದಾನೆ. ಜನವರಿಯಲ್ಲಿ ಷಿಕಾಗೊದಲ್ಲಿ ಒಂದೇ ಪಂದ್ಯದಲ್ಲಿ ಹನ್ನೆರಡು ಬ್ಲಾಕ್ ಮಾಡಿದಾಗ ಸ್ಯಾಕ್ರಮೆಂಟೊದವರು ಕೈ ಹಿಸುಕಿಕೊಂಡಿರಬೇಕು. ಈ ಋತುವಿನಲ್ಲೇ ನೋಡಿ. ಕೋಚ್ ಮೈಕ್ ಮಲೋನ್ ಕೈಕೆಳಗೆ ತಂಡ ಹದಿನಾಲ್ಕರಲ್ಲಿ ಒಂಬತ್ತು ಗೆದ್ದು ಚೆನ್ನಾಗಿಯೇ ಶುರು ಮಾಡಿತ್ತು. ಮುಖ್ಯ ಆಟಗಾರ ಡಿಮಾರ್ಕಸ್ ಕಸಿನ್ಸ್ ಕಾಯಿಲೆ ಬಿದ್ದಾಗ ಒಂದಷ್ಟು ಸೋತಿತೆಂದು ಡಿಸೆಂಬರಿನಲ್ಲಿ ಕೋಚ್‌ನನ್ನೇ ತೆಗೆದರು. ಅವರ ಜಾಗಕ್ಕೆ ಬಂದ ಟೈರೋನ್ ಕಾರ್ಬಿನ್ ಅವರನ್ನೂ ಫೆಬ್ರುವರಿಯಲ್ಲಿ ಇಳಿಸಿ ಜಾರ್ಜ್ ಕಾರ್ಲ್ ಅವರನ್ನು ತಂದರು. ಒಂದೇ ಋತುವಿಗೆ ಮೂವರು ಕೋಚ್‌ಗಳು! ಇಂಥ ಮನೆಯಲ್ಲಿ ಹತ್ತು ದಿನದ ಅತಿಥಿಯ ಗತಿ ಇನ್ನೇನಾದೀತು? 2012ರಲ್ಲಿ ನ್ಯೂಯಾರ್ಕಿನವರು ಬೆಂಚಿನ ತುದಿಯಲ್ಲಿದ್ದ ಜೆರೆಮಿ ಲಿನ್‌ನನ್ನು ಗತ್ಯಂತರವಿಲ್ಲದೆ ಇಳಿಸಿದ್ದಕ್ಕೆ ಜಗತ್ತಿಗೆ ಒಬ್ಬ ಆಟಗಾರ ಸಿಕ್ಕಿದ. ಇಳಿಸಿದ್ದಕ್ಕೆ ಸಿಕ್ಕಿದ, ಕೂರಿಸಿದ್ದರೆ ಸಿಗುತ್ತಿರಲಿಲ್ಲ.

ಅಮೆರಿಕದವರನ್ನು ಬೈದು ಸುಮ್ಮನಾಗೋಣವೆಂದರೆ ನಮ್ಮವರೇನು ಕಡಿಮೆಯೇ? ಕಳೆದ ವರ್ಷ ಜುಲೈನಲ್ಲಿ ವುಹಾನ್‌ನಲ್ಲಿ ಭಾರತದ ಪುರುಷರ ತಂಡ ಚೀನಾವನ್ನು ಅದರ ನೆಲದಲ್ಲೇ 65–58ರಿಂದ ಸೋಲಿಸಿತು. ಆ ಹುಡುಗರ ಹೆಸರು ಎಷ್ಟು ಜನರಿಗೆ ಗೊತ್ತು? ರೈಲ್ವೆ, ಬ್ಯಾಂಕು, ತೈಲ ಕಂಪನಿಗಳ ನೌಕರಿ ಹಿಡಿದು ಆಟ ಉಳಿಸಿಕೊಂಡವರು ಅವರು. 2010ರಲ್ಲಿ ನಮ್ಮ ಬಾಸ್ಕೆಟ್‌ಬಾಲ್ ಫೆಡರೇಷನ್ನಿಗೆ ದೊಡ್ಡ ಕಂಪನಿಯೊಂದಿಗೆ ಮೂವತ್ತು ವರ್ಷಗಳ ಒಪ್ಪಂದವಾದಾಗ ವೃತ್ತಿಪರ ಲೀಗ್ ಇನ್ನೇನು ಬಂತು ಎಂದು ನಾವೆಲ್ಲ ಕಾದೆವು. ಐದು ವರ್ಷವಾಗುತ್ತ ಬಂತು, ಲೀಗ್ ಎಲ್ಲಿದೆ? ಅದು ಸಾಲದೆಂದು ಕಳೆದ ತಿಂಗಳು ಫೆಡರೇಷನ್ನಿನ ಎರಡು ಬಣಗಳು ಬೇರೆ ಬೇರೆ ಊರುಗಳಲ್ಲಿ ಸಭೆ ಸೇರಿ, ಬೇರೆ ಬೇರೆ ಪದಾಧಿಕಾರಿಗಳನ್ನು ಆರಿಸಿಕೊಂಡು, ತಾವೇ ಅಧಿಕೃತರೆಂದು ಘೋಷಿಸಿಕೊಂಡಿವೆ. ಒಂದು ಸಭೆ ನಡೆದದ್ದು ಇದೇ ಬೆಂಗಳೂರಿನಲ್ಲಿ. ಕುರ್ಚಿಗಾಗಿ ತೋರಿಸುವ ಈ ಚುರುಕುತನದಲ್ಲಿ ಕಾಲು ಭಾಗವನ್ನಾದರೂ ಆಟಕ್ಕೆ ತೋರಿಸಬಾರದೇ?

ನಮ್ಮ ಬಡಾವಣೆಯ ಅಂಕಣದ ಸ್ಥಿತಿಯನ್ನು ತಮ್ಮ ವರದಿಗಾರರು ಒಮ್ಮೆ ಬಂದು ನೋಡಲಿ. ಸಮಾರಂಭಕ್ಕೆಂದು ಶಾಮಿಯಾನ ಹಾಕಿದವರು ಸಿಮೆಂಟು ನೆಲಕ್ಕೇ ಗೂಟ ಹೊಡೆದು ಹೋಗಿದ್ದಾರೆ. ಫ್ರೀ ಥ್ರೋ ಗೆರೆಯ ಮೇಲೆ ಅಂಗೈ ಅಗಲದ ಗುಂಡಿ. ಡ್ರಿಬಲ್ ಮಾಡುತ್ತ ಬಂದರೆ ಚೆಂಡು ಅದಕ್ಕೆ ತಾಗಿ ಚರಂಡಿಯ ಕಡೆ ಜಿಗಿಯುತ್ತದೆ. ಒಂದು ರಿಂಗ್ ಮುಂದಕ್ಕೆ ಬಾಗಿದೆ, ಇನ್ನೊಂದಕ್ಕೆ ಬಲೆಯಿಲ್ಲ. ವಾರ್ಡ್ ಕಚೇರಿಗೆ ಮನವಿ ಕೊಟ್ಟೆವು. ಎಂಜಿನಿಯರ್ ಬಂದು ಅಳತೆ ತೆಗೆದುಕೊಂಡು ಹೋದರು, ಆಮೇಲೆ ವರ್ಗವಾದರು. ಹೊಸಬರು ಹಳೆಯ ಕಡತ ಸಿಕ್ಕಿಲ್ಲ ಎನ್ನುತ್ತಾರೆ. ಭುಲ್ಲರ್ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವ ಮಕ್ಕಳು ನಮ್ಮ ಬೀದಿಯಲ್ಲೂ ಇದ್ದಾರೆ, ಅವರು ಆಡುವುದೆಲ್ಲಿ?

ಆದ್ದರಿಂದ ಕಿಂಗ್ಸ್‌ನವರು ಭುಲ್ಲರ್‌ಗೆ ಈ ಋತು ಮುಗಿಯುವವರೆಗೆ ಗುತ್ತಿಗೆ ಮುಂದುವರಿಸಿ ಗೌರವದಿಂದ ಆಡಿಸಲಿ. ಅದು ಆಗದಿದ್ದರೆ ಭಾರತದ ಹೆಸರು ಹೇಳಿಕೊಂಡು ಅಂಗಿ ಮಾರುವುದನ್ನು ನಿಲ್ಲಿಸಲಿ. ಫೆಡರೇಷನ್ನಿನ ಎರಡೂ ಬಣದವರು ಜಗಳ ಬಿಡಲಿ, ಬಿಡಲಾಗದಿದ್ದರೆ ಎರಡೂ ಬಣದವರು ಮನೆಗೆ ಹೋಗಲಿ. ಅಂಕಣದ ಗುಂಡಿಗಳನ್ನು ಮುಚ್ಚಿಸಬೇಕಾದವರು ಮುಚ್ಚಿಸಲಿ, ಕರೆಂಟು ತೆಗೆಯುವವರು ಹಿಂದಿನ ದಿನವೇ ತಿಳಿಸಲಿ. ತಾವೂ ಅಷ್ಟೇ, ಕ್ರಿಕೆಟ್ಟಿಗೆ ಕೊಡುವ ಜಾಗದಲ್ಲಿ ಒಂದು ಕಾಲಂ ಅನ್ನಾದರೂ ಬಾಸ್ಕೆಟ್‌ಬಾಲ್‌ಗೆ ವರ್ಷವಿಡೀ ಕೊಡಿ. ಹೊಣೆ ಹೊತ್ತ ಒಬ್ಬರಿಗಾದರೂ ನಾಚಿಕೆ ಎಂಬುದು ಇದೆಯೇ?

ಹಳೆಯ ಬಾಸ್ಕೆಟ್‌ಬಾಲ್ ಆಟಗಾರ, ಬೆಂಗಳೂರು