ಒಬ್ಬ ಹುಡುಗನಿಗೆ ಎಎಲ್‌ಡಿ ಅಂತ ಗೊತ್ತಾದರೆ ಅವನ ನೆಂಟರನ್ನೂ ಹುಡುಕಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಕಾಪುವಿನಿಂದ ನಮಸ್ಕಾರ.

ನಮ್ಮ ಕುಟುಂಬದಲ್ಲಿ ಅಡ್ರಿನೊಲ್ಯುಕೋಡಿಸ್ಟ್ರೊಫಿ ಎಂಬ ಕಾಯಿಲೆ ಉಂಟು. ಡಾಕ್ಟರುಗಳು ಚಿಕ್ಕದಾಗಿ ಎಎಲ್‌ಡಿ ಅನ್ನುತ್ತಾರೆ. ಎಬಿಸಿಡಿ1 ಎಂಬ ಜೀನ್ ಕೆಟ್ಟಾಗ ಒಂದು ಬಗೆಯ ಕೊಬ್ಬು ದೇಹದಲ್ಲಿ ಸೇರುತ್ತಾ ಹೋಗುತ್ತದೆ. ಮಿದುಳಿನ ಬಿಳಿ ಭಾಗ, ಬೆನ್ನುಹುರಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹಾಳಾಗುತ್ತವೆ.

ಆದರೆ ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ಅದೇ ದೊಡ್ಡ ಕಷ್ಟ.

ಅಕ್ಕನ ದೊಡ್ಡ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಅಕ್ಷರ ಹದಗೆಟ್ಟಿತು. ಕರೆದರೆ ತಿರುಗುತ್ತಿರಲಿಲ್ಲ. ಗಮನ ಇಲ್ಲ ಅಂದರು ಟೀಚರ್. ಎಂಆರ್‌ಐ ಆಗುವಷ್ಟರಲ್ಲಿ ತಡವಾಗಿತ್ತು. ಸೋದರಮಾವನಿಗೆ ನಲವತ್ತರ ನಂತರ ಕಾಲು ಬಿಗಿಯತೊಡಗಿತು. ಬೆನ್ನಿನ ಡಿಸ್ಕ್ ಅಂತ ವರ್ಷಗಟ್ಟಲೆ ಮದ್ದು. ಮಲ್ಪೆಯಲ್ಲಿ ಬೋಟಿಗೆ ಹೋಗುವ ಚಿಕ್ಕಮ್ಮನ ಮಗನಿಗೆ ಸುಸ್ತು, ವಾಂತಿ, ಮೈ ಕಪ್ಪಾಗುವುದು. ಬಿಸಿಲು ಅಂದುಕೊಂಡೆವು. ಅವನ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿತ್ತು. ಅಮ್ಮ ನಡೆಯುವಾಗ ಎಡವುತ್ತಾರೆ. ಅದಕ್ಕೆ ವಯಸ್ಸು ಅಂದರು.

ನಾಲ್ವರು, ನಾಲ್ಕು ಕಡೆ, ನಾಲ್ಕು ಫೈಲು. ಯಾರೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಮನೆಯಲ್ಲಿ ಪ್ರಶ್ನೆ ಇಟ್ಟೂ ನೋಡಿದ್ದಾಯಿತು. ಜ್ಯೋತಿಷಿಯಾದರೂ ಇಡೀ ಕುಟುಂಬವನ್ನು ಕೂರಿಸಿ ಯಾರಿಗೆ ಏನಾಗಿದೆ ಅಂತ ಕೇಳಿದರು ಮಾರಾಯ್ರೇ!

ಜೀನ್ ರಿಪೋರ್ಟ್ ನೋಡಿ ಯಾರಿಗೆ ಯಾವ ರೂಪ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಒಂದೇ ಜೀನ್ ಹಂಚಿಕೊಂಡ ಅವಳಿ ಜವಳಿಗಳಲ್ಲೂ ಬೇರೆ ಬೇರೆ ರೂಪ ಕಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಹಾಗಾಗಿ ಉಳಿದಿರುವ ದಾರಿ ಒಂದೇ, ಕಣ್ಣಿಟ್ಟು ಕಾಯುವುದು. ಕೆಟ್ಟ ಜೀನ್ ಇರುವ ಗಂಡುಮಕ್ಕಳಿಗೆ ಮೂರರಿಂದ ಹನ್ನೆರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎಂಆರ್‌ಐ ಆಗಬೇಕು. ಅಡ್ರಿನಲ್ ಗ್ರಂಥಿ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಆಗಾಗ ನೋಡಬೇಕು. ಗ್ರಂಥಿ ಸೋತಿದ್ದರೆ ಮಾತ್ರೆಯಿಂದ ಜೀವ ಉಳಿಯುತ್ತದೆ. ಗೊತ್ತಿಲ್ಲದಿದ್ದರೆ ಒಂದು ಜ್ವರವೇ ಸಾಕು.

ಮಿದುಳಿಗೆ ಹತ್ತಿದರೆ ಅಸ್ಥಿಮಜ್ಜೆಯ ಕಸಿ ಉಂಟು. ಶುರುವಿನಲ್ಲೇ ಮಾಡಿದರೆ ಮಾತ್ರ ಉಪಯೋಗ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಮೊದಲ ಗುಂಪಿನಲ್ಲೇ ಎಎಲ್‌ಡಿ ಇದೆ. 50 ಲಕ್ಷ ರೂಪಾಯಿವರೆಗೆ ನೆರವೂ ಉಂಟು. ಆದರೆ ನೀತಿಯಲ್ಲೇ ಬರೆದಿದೆ, ಆರಂಭದ ಹಂತದಲ್ಲಿ ಮಾತ್ರ ಅಂತ. ಲಕ್ಷಣ ಬರುವ ಮೊದಲೇ ಹುಡುಗನನ್ನು ಹುಡುಕದಿದ್ದರೆ ಆ ದುಡ್ಡು ಯಾರಿಗೆ ಸಿಗುತ್ತದೆ ಹೇಳಿ? ನ್ಯೂಯಾರ್ಕ್‌ನಲ್ಲಿ 2013ರಿಂದಲೇ ಹುಟ್ಟಿದ ಮಕ್ಕಳಿಗೆಲ್ಲ ಈ ಪರೀಕ್ಷೆ ಮಾಡುತ್ತಾರೆ. ನಾನು ಅಷ್ಟು ಕೇಳುತ್ತಿಲ್ಲ.

ಒಬ್ಬನಿಗೆ ಎಎಲ್‌ಡಿ ಅಂತ ಖಚಿತವಾದ ಕೂಡಲೇ ಆ ಮಾಹಿತಿ ಜಿಲ್ಲಾ ಆರೋಗ್ಯಾಧಿಕಾರಿಗೆ ಹೋಗಲಿ. ಗಂಡುಮಕ್ಕಳಿಗೆ ಈ ಜೀನ್ ಬರುವುದು ತಾಯಿಯಿಂದ, ಹಾಗಾಗಿ ತಾಯಿ ಕಡೆಯ ವಂಶವೃಕ್ಷ ಬರೆಯಲಿ. ನಮ್ಮಲ್ಲಿ ಇದು ಸುಲಭ. ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಅಳಿಯಸಂತಾನದ ಮನೆಗಳಲ್ಲಿ ಅಜ್ಜಿ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲರೂ ಲೆಕ್ಕದಲ್ಲಿರುತ್ತಾರೆ. ಆದರೆ ಒಂದು ಎಚ್ಚರಿಕೆ. ಕಾಯಿಲೆ ಇರುವ ಗಂಡಸಿನಿಂದ ಗಂಡುಮಕ್ಕಳಿಗೆ ಬರುವುದಿಲ್ಲ, ಹೆಣ್ಣುಮಕ್ಕಳಿಗೆಲ್ಲ ಆ ಜೀನ್ ಹೋಗುತ್ತದೆ. ನಮ್ಮ ಸೋದರಮಾವನ ಹೆಣ್ಣುಮಕ್ಕಳು ಬೇರೆ ಬಳಿಯವರು, ಅಂದರೆ ಅವರ ತಾಯಿಯ ವಂಶಕ್ಕೆ ಸೇರಿದವರು. ಕುಟುಂಬದ ಲೆಕ್ಕದಲ್ಲಿ ಅವರ ಹೆಸರೇ ಬರುವುದಿಲ್ಲ! ಅವರನ್ನು ಬಿಡಬಾರದು.

ಗಂಡಸರಿಗೆ ಕೊಬ್ಬಿನಾಮ್ಲದ ರಕ್ತಪರೀಕ್ಷೆ ಸಾಕಾಗುತ್ತದೆ. ಹೆಂಗಸರಲ್ಲಿ ಅದು ಕೆಲವೊಮ್ಮೆ ಸರಿಯಾಗಿದೆ ಅಂತ ಸುಳ್ಳು ಹೇಳುತ್ತದೆ, ಹಾಗಾಗಿ ಜೀನ್ ಪರೀಕ್ಷೆಯೇ ಬೇಕು. ರಕ್ತ ತೆಗೆಯುವುದು ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೋ ಮಂಗಳೂರಿನ ವೆನ್ಲಾಕ್‌ನಲ್ಲೋ ಆಗಲಿ, ಮಾದರಿ ಮಾತ್ರ ಬೆಂಗಳೂರಿಗೆ ಹೋಗಲಿ. ಮದುವೆಯಾಗದ ಹುಡುಗಿಯರ ಹೆಸರು ಊರಿಗೆಲ್ಲ ಗೊತ್ತಾಗದ ಹಾಗೆ ಗುಟ್ಟಾಗಿ ನಡೆಯಲಿ. ಇಲ್ಲದಿದ್ದರೆ ಒಬ್ಬರೂ ಬರುವುದಿಲ್ಲ, ನಾನೇ ಹೇಳುತ್ತೇನೆ.

ಅಕ್ಕನ ಸಣ್ಣ ಮಗನಿಗೂ ಅದೇ ಜೀನ್ ಉಂಟು. ಅವನ ಎಂಆರ್‌ಐ ಸದ್ಯಕ್ಕೆ ಚೆನ್ನಾಗಿದೆ. ಪ್ರತಿ ಆರು ತಿಂಗಳಿಗೂ ಅದರ ದುಡ್ಡು ಹೊಂದಿಸುವುದು ಭಾವನ ತಲೆನೋವು. ಇಂಥ ಮಕ್ಕಳ ಎಂಆರ್‌ಐ ಸರ್ಕಾರಿ ಖರ್ಚಿನಲ್ಲಿ ಆಗಲಿ. ಇದಕ್ಕೆ ನಿಮ್ಮ ಇಲಾಖೆಯ ಒಂದು ಆದೇಶ ಸಾಕಲ್ವಾ?

ಇಂತಿ,
ಒಬ್ಬ ಚಿಕ್ಕಮ್ಮ
ಕಾಪು, ಉಡುಪಿ ಜಿಲ್ಲೆ