ಮಕ್ಕಳ ಮನೆಗಿಂತ ಮೊದಲು ಶಾಲೆ ಬೇಕು

ಸಂಪಾದಕರೇ,

ಬೇರೆ ದೇಶಕ್ಕೆ ಹೋಗಿ ಅನಾಥಾಲಯ ಕಟ್ಟುವವರು, ಅಲ್ಲಿಗೆ ಸೇರುವ ಮಕ್ಕಳು ನಿಜಕ್ಕೂ ಅನಾಥರೇ ಎಂದು ಮೊದಲು ನೋಡಬೇಕು. ನೇಪಾಳದ ಅನಾಥಾಲಯಗಳಲ್ಲಿರುವ ಸುಮಾರು ಶೇ 85ರಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ ಎಂದು ಯುನಿಸೆಫ್ ಹೇಳಿದೆ. ಒಳ್ಳೆಯ ಓದು ಸಿಗಲಿ ಎಂಬ ಆಸೆಯಿಂದ ಎಷ್ಟೋ ಬಡ ಹೆತ್ತವರು ಮಕ್ಕಳನ್ನು ದಲ್ಲಾಳಿಗಳ ಕೈಗೆ ಕೊಟ್ಟಿದ್ದಾರೆ. ಊರಲ್ಲೇ ಒಳ್ಳೆಯ ಶಾಲೆ ಇದ್ದರೆ ಯಾವ ತಾಯಿ ಮಗುವನ್ನು ಅಷ್ಟು ದೂರ ಕಳಿಸುತ್ತಾಳೆ, ಹೇಳಿ?

ಅದಕ್ಕೇ ನೇಪಾಳದ ಸುರ್ಖೇತ್‌ನ ಕೋಪಿಲಾ ವ್ಯಾಲಿ ಸಂಸ್ಥೆ ನನಗೆ ಇಷ್ಟ. ಅಮೆರಿಕದ ಮ್ಯಾಗಿ ಡೊಯ್ನ್, ಹದಿಹರೆಯದಲ್ಲಿ ಅಕ್ಕಪಕ್ಕದವರ ಮಕ್ಕಳನ್ನು ನೋಡಿಕೊಂಡು ಕೂಡಿಟ್ಟಿದ್ದ 5,000 ಡಾಲರ್‌ನಲ್ಲಿ ಅಲ್ಲಿ ಜಾಗ ಕೊಂಡು ಮಕ್ಕಳ ಮನೆ ತೆರೆದರು. ಅಷ್ಟಕ್ಕೇ ನಿಲ್ಲಲಿಲ್ಲ. 2010ರಲ್ಲಿ ಶಾಲೆಯನ್ನೂ ಶುರು ಮಾಡಿದರು. ಮಕ್ಕಳ ಮನೆಯಲ್ಲಿ ಇರುವವರಿಗಿಂತ ಶಾಲೆಗೆ ಬರುವವರೇ ಜಾಸ್ತಿ, ನೂರಾರು ಮಕ್ಕಳು.

ಪಶುಪತಿನಾಥನ ದರ್ಶನಕ್ಕೆ ಹೋಗುವ ಕನ್ನಡಿಗರು ಸುಮ್ನೆ ಯಾವುದೋ ಅನಾಥಾಲಯಕ್ಕೆ ಹಣ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಬೇಡ. ಮಕ್ಕಳನ್ನು ಹೆತ್ತವರ ಹತ್ತಿರವೇ ಉಳಿಸಿ ಓದಿಸುವ ಶಾಲೆಗಳನ್ನು ವಿಚಾರಿಸಿ, ಅವುಗಳಿಗೆ ಕೊಡಲಿ.

– ಓದುಗ, ಧಾರವಾಡ