ದೋಣಿ ಪಟ್ಟಿಯ ಬಿಳಿ ಕಲೆ ತೆಗೆಯೋದು ಹೇಗೆ

ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ನೀರಲ್ಲಿ ದೋಣಿ ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಅಂಚಿನ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಬಿಳಿ ಪದರ ಕೂರುತ್ತದೆ, ಅಲ್ವಾ? ಅದು ಗಡಸು ನೀರಿನ ಸುಣ್ಣ. ಸೋಪಿಗೆ ಜಗ್ಗುವುದಿಲ್ಲ.

ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಹಳೇ ಬನಿಯನ್ ಬಟ್ಟೆ ಅದ್ದಿ ಪಟ್ಟಿಯ ಮೇಲೆ ಹಾಸಿ. ನೆರಳಲ್ಲೇ ಮಾಡಿ, 10 ನಿಮಿಷ ಸಾಕು. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ ಅಂತ. ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಚೆನ್ನಾಗಿ ತೊಳೆದು ಕೂಡಲೇ ಒರೆಸಿ. ಹೋಗದಿದ್ದರೆ ಮತ್ತೊಂದು ಸಲ ಮಾಡಿ. ಜಾಸ್ತಿ ಹೊತ್ತು ಬಿಟ್ಟರೆ ಪಟ್ಟಿಯೇ ಮಂಕಾಗುತ್ತದೆ. ಮೊದಲು ಕಾಣದ ಮೂಲೆಯಲ್ಲಿ ನೋಡಿಕೊಳ್ಳಿ.

ಟಾಯ್ಲೆಟ್ ಆಸಿಡ್, ಬ್ಲೀಚ್ ಬೇಡವೇ ಬೇಡ. ವಿನೆಗರ್ ಜೊತೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಸ್ಟೀಲ್ ಸ್ಕ್ರಬ್ಬರ್ ಕೂಡ ಮುಟ್ಟಬೇಡಿ. ನಾನು ಉಜ್ಜಿದ ಗೀರು ಇನ್ನೂ ಹಾಗೇ ಇದೆ, ಬೇಕಾದರೆ ಬಂದು ನೋಡಿ.